ಹಳೆಯ ಲ್ಯಾಪ್‌ಟಾಪ್‌ನಲ್ಲಿ ಏನನ್ನು ಅಂಗಡಿಯಲ್ಲೇ ನೋಡಬೇಕು, ಏನನ್ನು ಆಮೇಲೆ ಹಾಕಿಸಬಹುದು: ಒಂದು ಪ್ರಕರಣ ಅಧ್ಯಯನ

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಈಗ ಕಡಿಮೆ ಬೆಲೆಯದನ್ನು ತೆಗೆದುಕೊಂಡು, ಆಮೇಲೆ ರ‍್ಯಾಮ್, ಎಸ್‌ಎಸ್‌ಡಿ ಹೆಚ್ಚಿಸಿಕೊಳ್ಳಬಹುದಲ್ಲವೇ?" ರ‍್ಯಾಮ್ ಎಂದರೆ ಓಡುತ್ತಿರುವ ತಂತ್ರಾಂಶಗಳು ಬಳಸುವ ಮೆಮೊರಿ, ಎಸ್‌ಎಸ್‌ಡಿ ಎಂದರೆ ಫೈಲ್‌ಗಳನ್ನು ಉಳಿಸಿಡುವ ವೇಗದ ಡಿಸ್ಕ್. ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ, ವಿದ್ಯಾರ್ಥಿಗಳೂ ಅವರ ಪೋಷಕರೂ ಈ ಪ್ರಶ್ನೆಯನ್ನು ನನ್ನ ಮುಂದೆ ಇಡುತ್ತಲೇ ಇರುತ್ತಾರೆ. ಬಹುದು ಎಂದಾಗಲಿ, ಆಗದು ಎಂದಾಗಲಿ ಒಂದೇ ಮಾತಿನ ಉತ್ತರ ಕೊಡುವುದು ತಪ್ಪು. ಯಾವ ಭಾಗ ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂಬುದು ಕಾರ್ಖಾನೆಯಲ್ಲಿ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಫಲಕ) ತಯಾರಾದ ದಿನವೇ ತೀರ್ಮಾನವಾಗಿರುತ್ತದೆ. ಬದಲಾಗುವ ಭಾಗಗಳಲ್ಲೂ ಯಾವುದನ್ನು ಯಂತ್ರದ ಜೊತೆಗೇ ಕೊಳ್ಳುವುದು ಅಗ್ಗ, ಯಾವುದನ್ನು ಆಮೇಲೆ ಬೇರೆಯಾಗಿ ತರುವುದು ಅಗ್ಗ ಎಂಬ ಲೆಕ್ಕ ಬೇರೆ ಇದೆ. ಈ ಎರಡನೆಯ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಹಣ ಕಳೆದುಕೊಳ್ಳುವುದು ಅಲ್ಲಿಯೇ. ಒಂದು ಖರೀದಿಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿಟ್ಟರೆ ಇದು ಸ್ಪಷ್ಟವಾಗುತ್ತದೆ.

ಬೇಕಾಗಿದ್ದದ್ದು ಏನು

ನನ್ನ ಅಕ್ಕನ ಮಗಳು ಬಿಸಿಎ ಎರಡನೆಯ ವರ್ಷದಲ್ಲಿದ್ದಾಳೆ. ಮೊಬೈಲ್ ಆ್ಯಪ್ ತಯಾರಿಸುವ ವಿಷಯ ಅವಳ ಪಠ್ಯದಲ್ಲಿದೆ, ಅದಕ್ಕೆ ಗೂಗಲ್‌ನ ಆಂಡ್ರಾಯ್ಡ್ ಸ್ಟುಡಿಯೋ ತಂತ್ರಾಂಶ ಬೇಕು. ಬರೆದ ಆ್ಯಪನ್ನು ಕಂಪ್ಯೂಟರಿನ ಪರದೆಯ ಮೇಲೆಯೇ ಓಡಿಸಿ ನೋಡುವ ಎಮ್ಯುಲೇಟರ್ ಕೂಡ ಸೇರಿದರೆ 16 ಜಿಬಿ ರ‍್ಯಾಮ್ ಬೇಕೆಂದು ಗೂಗಲ್ಲೇ ಹೇಳುತ್ತದೆ. ಮನೆಯಲ್ಲಿದ್ದ ಹಳೆಯ ಯಂತ್ರದಲ್ಲಿ ಇದ್ದದ್ದು 4 ಜಿಬಿ. ಭಾವ ಕೊಡಲು ಸಿದ್ಧರಿದ್ದದ್ದು ₹25,000. ಆ ಹಣಕ್ಕೆ ಸಿಗುವ ಹೊಸ ಲ್ಯಾಪ್‌ಟಾಪ್‌ಗಳ ಸಾಮರ್ಥ್ಯ ಈ ಕೆಲಸಕ್ಕೆ ಸಾಲದು. ಹಾಗಾಗಿ 2026ರ ಜನವರಿಯಲ್ಲಿ ನಾವು ಬೆಂಗಳೂರಿನ ಎಸ್.ಪಿ. ರಸ್ತೆಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ ಹೋದೆವು.

ಬೆಂಗಳೂರಿನಲ್ಲಿ ಈ ವ್ಯಾಪಾರ ಬೆಳೆದದ್ದಕ್ಕೆ ಸರಳ ಕಾರಣವಿದೆ. ಐಟಿ ಕಂಪನಿಗಳು ನೌಕರರಿಗೆ ಕೊಡುವ ಲ್ಯಾಪ್‌ಟಾಪ್‌ಗಳನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುತ್ತವೆ. ಗುತ್ತಿಗೆ ಮುಗಿದ ಯಂತ್ರಗಳು ಗುಂಪು ಗುಂಪಾಗಿ ಹೊರಬರುತ್ತವೆ. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್ ಮುಂತಾದ ಕಚೇರಿ ಮಾದರಿಗಳೇ ಇಲ್ಲಿ ಹೆಚ್ಚು. ಇವು ಮನೆಬಳಕೆಗೆಂದು ಮಾರುವ ಅಗ್ಗದ ಮಾದರಿಗಳಿಗಿಂತ ಗಟ್ಟಿ. ಬಿಚ್ಚಿ ದುರಸ್ತಿ ಮಾಡಲೆಂದೇ ವಿನ್ಯಾಸಗೊಂಡವು. ಇವುಗಳ ದುರಸ್ತಿ ಕೈಪಿಡಿಯನ್ನೂ ತಯಾರಕರು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ಯಾವ ತಿರುಪು ಎಲ್ಲಿದೆ, ಯಾವ ಭಾಗ ಬಿಚ್ಚಬಹುದು, ಯಾವುದು ಬೋರ್ಡಿಗೆ ಬೆಸೆದಿದೆ ಎಂಬುದೆಲ್ಲ ಚಿತ್ರಸಮೇತ ಅದರಲ್ಲಿದೆ. ನಾನು ಅಂಗಡಿಗೆ ಹೋಗುವ ಮೊದಲು ಓದಿಕೊಂಡದ್ದು ಇದನ್ನೇ.

ಒಂದೇ ರೂಪ, ಮೂರು ಯಂತ್ರ

ಅಂಗಡಿಯವರು ಮೇಜಿನ ಮೇಲೆ ಮೂರು ಥಿಂಕ್‌ಪ್ಯಾಡ್ ಇಟ್ಟರು: ಟಿ470, ಟಿ480, ಟಿ480ಎಸ್. ಮೂರೂ ಕಪ್ಪು, ಮೂರೂ 14 ಇಂಚು, ಕೀಲಿಮಣೆಯ ನಡುವೆ ಅದೇ ಕೆಂಪು ಗುಂಡಿ. ಮುಚ್ಚಿಟ್ಟರೆ ಮೊದಲೆರಡನ್ನು ಗುರುತಿಸಲು ಅಭ್ಯಾಸವಿದ್ದವರಿಗೂ ಕಷ್ಟ. "ಮೂರೂ ಐ5, ಮೂರರಲ್ಲೂ ವಿಂಡೋಸ್ 11 ಇದೆ ಸರ್. ಬೆಲೆ ನೋಡಿ ಆರಿಸಿಕೊಳ್ಳಿ," ಎಂದರು.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಆರಿಸುವುದಕ್ಕೆ ಬೇಕಾದದ್ದು ಆ ಮಾತಿನಲ್ಲಿ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರಿನ ಪೂರ್ತಿ ಹೆಸರು ನೋಡಿದೆವು. ಟಿ470ರಲ್ಲಿ ಐ5-7300ಯು, ಟಿ480ರಲ್ಲಿ ಐ5-8350ಯು. ಇಂಥ ನಾಲ್ಕಂಕಿಯ ಹೆಸರುಗಳಲ್ಲಿ ಐ5 ಎಂಬುದರ ನಂತರ ಬರುವ ಮೊದಲ ಅಂಕಿ ಪೀಳಿಗೆಯನ್ನು ಹೇಳುತ್ತದೆ. ಇಂಟೆಲ್‌ನ ಏಳನೆಯ ಪೀಳಿಗೆಯ ಈ ಚಿಪ್‌ನಲ್ಲಿ ಎರಡು ಕೋರ್ (ಲೆಕ್ಕ ಮಾಡುವ ಘಟಕ), ಎಂಟನೆಯದರಲ್ಲಿ ನಾಲ್ಕು. ಒಂದೇ ವರ್ಷದ ಅಂತರದಲ್ಲಿ ಈ ಬಗೆಯ ಲ್ಯಾಪ್‌ಟಾಪ್ ಚಿಪ್‌ಗಳ ಕೋರ್ ಇಮ್ಮಡಿಯಾದ ಅಪರೂಪದ ಸಂದರ್ಭ ಅದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದೂ, ಬೆರಳೆಣಿಕೆಯ ಅಪವಾದ ಬಿಟ್ಟರೆ, ಎಂಟನೆಯ ಪೀಳಿಗೆಯಿಂದ ಮುಂದಿನದನ್ನೇ. ಟಿ470ರ ಮೇಲೆ ವಿಂಡೋಸ್ 11 ಓಡುತ್ತಿತ್ತು ನಿಜ. ಪರಿಶೀಲನೆಯನ್ನು ದಾಟಿಸಿ ಹಾಕುವ ಉಪಾಯಗಳಿವೆ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೆಯ ಪೀಳಿಗೆಯ ಯಂತ್ರಗಳು ಈಚೆಗೆ ಇಷ್ಟು ಅಗ್ಗಕ್ಕೆ ಬರುತ್ತಿರುವುದು ಇದೇ ಕಾರಣಕ್ಕೆ.

"ಮಾವ, ಇದನ್ನೇ ತೆಗೆದುಕೊಂಡು ಆಮೇಲೆ ಪ್ರೊಸೆಸರ್ ಹಾಕಿಸಿದರೆ?" ಎಂದು ಹುಡುಗಿ ಕೇಳಿದಳು. ಡೆಸ್ಕ್‌ಟಾಪ್ ಬಿಚ್ಚಿ ನೋಡಿದವರಿಗೆ ಸಹಜವಾಗಿ ಬರುವ ಪ್ರಶ್ನೆ ಅದು. ಲ್ಯಾಪ್‌ಟಾಪ್‌ಗಳಲ್ಲಿಯೂ ಒಂದು ಕಾಲದಲ್ಲಿ ಅದು ಆಗುತ್ತಿತ್ತು. ಇಂಟೆಲ್‌ನ ನಾಲ್ಕನೆಯ ಪೀಳಿಗೆಯವರೆಗೆ, ಅಂದರೆ 2013ರ ಸುಮಾರಿನ ಕೆಲವು ದಪ್ಪ ಮಾದರಿಗಳಲ್ಲಿ ಪ್ರೊಸೆಸರ್ ಸಾಕೆಟ್‌ನಲ್ಲಿ ಕೂರುತ್ತಿತ್ತು. ಥಿಂಕ್‌ಪ್ಯಾಡ್ ಟಿ440ಪಿ ಅಂಥದ್ದು. ಆಮೇಲೆ ಬಂದ ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳೆಲ್ಲ ಬೋರ್ಡಿಗೆ ಬೆಸೆದೇ ಬರುತ್ತವೆ. ಬದಲಿಸಬೇಕೆಂದರೆ ಇಡೀ ಮದರ್‌ಬೋರ್ಡನ್ನೇ ಬದಲಿಸಬೇಕು. ಆ ದುಡ್ಡಿಗೆ ಇನ್ನೊಂದು ಹಳೆಯ ಯಂತ್ರವೇ ಬರುತ್ತದೆ. ಗ್ರಾಫಿಕ್ಸ್ ಚಿಪ್‌ನ ಕಥೆಯೂ ಅದೇ. ಟಿ470 ಅಲ್ಲಿಗೆ ಪಕ್ಕಕ್ಕೆ ಸರಿಯಿತು.

ಉಳಿದದ್ದು ಟಿ480 ಮತ್ತು ಟಿ480ಎಸ್. "ಎರಡೂ ಒಂದೇ ಸರ್, ಎಸ್ ಎಂದರೆ ತೆಳು ಅಷ್ಟೇ," ಎಂದರು ಅಂಗಡಿಯವರು. ಎರಡೂ 2018ರ ಮಾದರಿಗಳೇ, ಪ್ರೊಸೆಸರೂ ಅದೇ ಪೀಳಿಗೆಯದು. ಆದರೆ ಆ ಒಂದು ಅಕ್ಷರದ ಹಿಂದೆ ಒಳಗಿನ ವಿನ್ಯಾಸವೇ ಬೇರೆಯಾಗಿದೆ. ಟಿ480ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್‌ಗಳು (ಸ್ಟಿಕ್ ಎಂಬ ರ‍್ಯಾಮ್ ಪಟ್ಟಿಯನ್ನು ಕೂರಿಸುವ ಜಾಗ), ಬೋರ್ಡಿಗೆ ಬೆಸೆದದ್ದು ಯಾವುದೂ ಇಲ್ಲ. ಟಿ480ಎಸ್‌ನಲ್ಲಿ 4 ಅಥವಾ 8 ಜಿಬಿ ಬೆಸೆದು ಬರುತ್ತದೆ, ಜೊತೆಗೆ ಒಂದೇ ಸ್ಲಾಟ್. ಟಿ480ರಲ್ಲಿ ಎರಡು ಬ್ಯಾಟರಿ: ಒಳಗೊಂದು, ಹಿಂಬದಿಯಲ್ಲಿ ಕೈಯಲ್ಲೇ ಕಳಚಬಹುದಾದದ್ದು ಇನ್ನೊಂದು. ಟಿ480ಎಸ್‌ನಲ್ಲಿ ಒಳಗಿನದು ಮಾತ್ರ. ಟಿ480ರಲ್ಲಿ ಎರಡೂವರೆ ಇಂಚಿನ ಡಿಸ್ಕ್ ಕೂರುವ ಜಾಗವಿದೆ, ತೆಳುವಾದದ್ದರಲ್ಲಿ ಅದಿಲ್ಲ.

ಮಾದರಿಯ ಹೆಸರನ್ನು ಅಂಗಡಿಯವರ ಬಾಯಿಂದ ಕೇಳಿ ನಂಬಬೇಕಾಗಿಲ್ಲ. ಯಂತ್ರದ ಕೆಳಭಾಗದಲ್ಲಿ ನಾಲ್ಕಕ್ಷರದ ಸಂಕೇತ ಮುದ್ರಿತವಾಗಿರುತ್ತದೆ. 20ಎಲ್5, 20ಎಲ್6 ಎಂದಿದ್ದರೆ ಟಿ480. 20ಎಲ್7, 20ಎಲ್8 ಎಂದಿದ್ದರೆ ಟಿ480ಎಸ್.

ಟಿ480ಎಸ್ ಕೆಟ್ಟ ಯಂತ್ರವಲ್ಲ. 8 ಜಿಬಿ ಬೆಸೆದಿರುವ ಯಂತ್ರಕ್ಕೆ ಸ್ಲಾಟ್‌ನಲ್ಲಿ ಇನ್ನೊಂದು 8 ಹಾಕಿದರೆ ನಮಗೆ ಬೇಕಾದ 16 ಆಗುತ್ತಿತ್ತು. ಹಗುರವಾದದ್ದು ಬೇಕೆನ್ನುವವರು ಧಾರಾಳವಾಗಿ ಕೊಳ್ಳಬಹುದು. ನಾವು ಬಿಟ್ಟದ್ದಕ್ಕೆ ಕಾರಣ ಅಲ್ಲಿದ್ದ ಯಂತ್ರದ ಬ್ಯಾಟರಿ ಬಹಳ ಸೊರಗಿತ್ತು, ಬೆಲೆಯೂ ₹2,000 ಹೆಚ್ಚಿತ್ತು. ಬೆಸೆದ ಮೆಮೊರಿ ಎಂದಾದರೂ ಕೆಟ್ಟರೆ ಬೋರ್ಡಿನ ಕೆಲಸ ಬೀಳುತ್ತದೆ ಎಂಬುದೂ ಮನಸ್ಸಿನಲ್ಲಿತ್ತು. ಹಾಸನದಲ್ಲಿ ಚಿಪ್ ಮಟ್ಟದ ದುರಸ್ತಿ ಮಾಡಿಸುವುದು ಬೆಂಗಳೂರಿನಷ್ಟು ಸುಲಭವಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಸ ಮಾದರಿ ಎಂದ ಮಾತ್ರಕ್ಕೆ ಹೆಚ್ಚು ಬದಲಾಯಿಸಬಹುದು ಎಂದು ಭಾವಿಸಬಾರದು. ಟಿ480ರ ನಂತರ 2019ರಲ್ಲಿ ಬಂದ ಟಿ490ರಲ್ಲಿ ಒಂದು ಭಾಗದ ರ‍್ಯಾಮ್ ಬೆಸೆದದ್ದು, ಸ್ಲಾಟ್ ಒಂದೇ, ಕಳಚುವ ಬ್ಯಾಟರಿಯೂ ಹೋಯಿತು. 2024ರ ಟಿ14 ಐದನೆಯ ಪೀಳಿಗೆಯಲ್ಲಿ ಲೆನೊವೊ ಮತ್ತೆ ಎರಡು ಸ್ಲಾಟ್‌ಗಳಿಗೆ ಮರಳಿತು. ಅದೇ ಕಂಪನಿಯ ಎಕ್ಸ್1 ಕಾರ್ಬನ್ ಸರಣಿಯಲ್ಲಿ ರ‍್ಯಾಮ್ ಯಾವಾಗಲೂ ಬೆಸೆದದ್ದೇ. ಆಪಲ್‌ನ ಎಂ1 ಮತ್ತು ಅನಂತರದ ಮ್ಯಾಕ್‌ಬುಕ್‌ಗಳಲ್ಲಂತೂ ಮೆಮೊರಿ ಪ್ರೊಸೆಸರಿನ ಜೊತೆಗೇ ಕೂಡಿಕೊಂಡಿದೆ. 8 ಜಿಬಿಯ ಮ್ಯಾಕ್‌ಬುಕ್ ಏರ್ ಕೊಂಡವರು ಕೊನೆಯವರೆಗೂ 8 ಜಿಬಿಯಲ್ಲೇ ಇರಬೇಕು. ಹಾಗಾಗಿ ಕಂಪನಿಯ ಹೆಸರು, ವರ್ಷ, ಬೆಲೆ ಯಾವುದೂ ದಾರಿ ತೋರಿಸುವುದಿಲ್ಲ. ನಿರ್ದಿಷ್ಟ ಮಾದರಿಯ ಕೈಪಿಡಿಯೊಂದೇ ತೋರಿಸುತ್ತದೆ.

ರ‍್ಯಾಮ್: ಹಳೆಯ ಸಲಹೆ ತಲೆಕೆಳಗಾದದ್ದು

ಟಿ480 ಎಂದು ನಿರ್ಧಾರವಾಯಿತು. ಆ ಅಂಗಡಿಯಲ್ಲಿ ಅದರದೇ ಹಲವು ಯಂತ್ರಗಳಿದ್ದವು. 8 ಜಿಬಿಯದಕ್ಕೆ ₹15,500, 16 ಜಿಬಿಯದಕ್ಕೆ ₹18,500 ಹೇಳಿದರು.

ಒಂದೆರಡು ವರ್ಷದ ಹಿಂದಾಗಿದ್ದರೆ ನಾನು ಕಣ್ಣುಮುಚ್ಚಿ 8 ಜಿಬಿಯದನ್ನೇ ಕೊಳ್ಳಿ ಎನ್ನುತ್ತಿದ್ದೆ. ಬೇರೆ ಅಂಗಡಿಯಲ್ಲಿ ಹೊಸ 8 ಜಿಬಿ ಸ್ಟಿಕ್ ಕೊಂಡು ಖಾಲಿ ಸ್ಲಾಟ್‌ನಲ್ಲಿ ಕೂರಿಸಿದರೆ ಅಂಗಡಿಯವರು ಕೇಳುವ ವ್ಯತ್ಯಾಸಕ್ಕಿಂತ ಕಡಿಮೆಯಲ್ಲೇ ಕೆಲಸ ಮುಗಿಯುತ್ತಿತ್ತು. ಈಗ ಹಾಗಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳಿಗೆ ಅಪಾರ ಪ್ರಮಾಣದ ಮೆಮೊರಿ ಬೇಕಾಗಿ, ಚಿಪ್ ತಯಾರಕರು ಹೆಚ್ಚು ಲಾಭವಿರುವ ಆ ಕಡೆಗೆ ಹೊರಳಿದರು. ಈ ಯಂತ್ರಗಳಲ್ಲಿರುವ, ಹಳೆಯದಾಗುತ್ತಿರುವ ಡಿಡಿಆರ್4 ಬಗೆಯ ಮೆಮೊರಿಯ ತಯಾರಿಕೆಯನ್ನು ಅವರು ಮೊದಲೇ ಇಳಿಸುತ್ತಾ ಬಂದಿದ್ದರು. ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ, ನಾವೆಲ್ಲ ಕಣ್ಣುಮುಚ್ಚಿ ಕೊಳ್ಳುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಅದೇ ರಸ್ತೆಯಲ್ಲಿ ಹೊಸ 8 ಜಿಬಿ ಡಿಡಿಆರ್4 ಲ್ಯಾಪ್‌ಟಾಪ್ ಸ್ಟಿಕ್‌ಗೆ ನಮಗೆ ಹೇಳಿದ ಬೆಲೆ ₹5,000 ಮೀರಿತ್ತು. ಅಂದರೆ ಯಂತ್ರದೊಳಗೆ ಕೂತಿರುವ 8 ಜಿಬಿಗೆ ₹3,000, ಡಬ್ಬಿಯಲ್ಲಿರುವ 8 ಜಿಬಿಗೆ ₹5,000ಕ್ಕೂ ಮೇಲೆ.

ಸೆಕೆಂಡ್ ಹ್ಯಾಂಡ್ ಯಂತ್ರದ ಬೆಲೆ ಬಿಡಿಭಾಗಗಳ ಬೆಲೆಯ ಹಿಂದೆಯೇ ಓಡುವುದಿಲ್ಲ, ನಿಧಾನವಾಗಿ ಏರುತ್ತದೆ. ಈ ಅಂತರ ಇರುವಷ್ಟು ದಿನ ರ‍್ಯಾಮನ್ನು ಯಂತ್ರದ ಜೊತೆಗೇ ಕೊಳ್ಳುವುದು ಜಾಣತನ. ಬೆಲೆ ಇಳಿದ ದಿನ ಹಳೆಯ ಸಲಹೆಗೆ ಮರಳಬಹುದು. ಹಾಗಾಗಿ "ಆಮೇಲೆ ಹಾಕಿಸಿಕೊಂಡರಾಯಿತು" ಎಂದು ಹೊರಡುವ ಮೊದಲು ಆ ವಾರದ ಸ್ಟಿಕ್ ಬೆಲೆ ಕೇಳಿಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

16 ಜಿಬಿಯ ಯಂತ್ರದ ಹಿಂಬದಿ ಬಿಚ್ಚಿ ತೋರಿಸಿ ಎಂದೆವು. ಎಸ್.ಪಿ. ರಸ್ತೆಯಲ್ಲಿ ಇದಕ್ಕೆ ಯಾರೂ ಬೇಸರಪಡುವುದಿಲ್ಲ. ಬೇಸರಪಟ್ಟರೆ ಮುಂದಿನ ಅಂಗಡಿ ಹತ್ತು ಹೆಜ್ಜೆ ದೂರದಲ್ಲಿದೆ. ಅಂಗಡಿಯ ಹುಡುಗ ಹಿಂದಿನ ಬ್ಯಾಟರಿ ಕಳಚಿ, ತಿರುಪುಗಳನ್ನು ಸಡಿಲಿಸಿ, ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯೊಂದನ್ನು ಅಂಚಿಗೆ ತೂರಿಸಿ ಸುತ್ತಲೂ ಎಳೆದ. ಕ್ಲಿಪ್‌ಗಳು ಒಂದೊಂದಾಗಿ ಚಟ್ ಎಂದು ಬಿಟ್ಟುಕೊಂಡವು. ಒಳಗೆ ಎರಡು ಸ್ಟಿಕ್‌ಗಳು ಅಕ್ಕಪಕ್ಕ ಮಲಗಿದ್ದವು. ಒಂದು ಸ್ಯಾಮ್‌ಸಂಗ್‌ನದು, ಇನ್ನೊಂದು ಎಸ್‌ಕೆ ಹೈನಿಕ್ಸ್‌ನದು. ಎರಡೂ 8 ಜಿಬಿ, ಒಂದರ ವೇಗ 2400, ಇನ್ನೊಂದರದು 2666. ಕಂಪನಿ ಬೇರೆಯಾದರೆ ತೊಂದರೆಯಿಲ್ಲ. ಈ ಪ್ರೊಸೆಸರಿನ ಮಿತಿಯೇ 2400, ಆದ್ದರಿಂದ ವೇಗದ ಸ್ಟಿಕ್ ಕೂಡ ಆ ಲೆಕ್ಕಕ್ಕೇ ಇಳಿದು ಓಡುತ್ತದೆ. ಎರಡು ಸ್ಟಿಕ್ ಇರುವುದರಿಂದ ಇನ್ನೊಂದು ಲಾಭವಿದೆ. ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮೆಮೊರಿಯನ್ನು ತಲುಪುತ್ತದೆ. ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದೆ ಇದೇ ಮೆಮೊರಿಯನ್ನು ಪರದೆಗೂ ಬಳಸಿಕೊಳ್ಳುವ ಇಂಥ ಯಂತ್ರಗಳಲ್ಲಿ ಅದು ಗೊತ್ತಾಗುವಷ್ಟು ವ್ಯತ್ಯಾಸ ಮಾಡುತ್ತದೆ. ಎರಡೂ ಸ್ಲಾಟ್ ತುಂಬಿರುವುದರಿಂದ ಮುಂದೆ ಹೆಚ್ಚಿಸಬೇಕಾದರೆ ಒಂದನ್ನು ತೆಗೆಯಬೇಕಾಗುತ್ತದೆ. ಅದನ್ನು ತಿಳಿದೇ ಒಪ್ಪಿಕೊಂಡೆವು.

ಬಿಚ್ಚದೆಯೂ ಒಂದಿಷ್ಟು ತಿಳಿಯಬಹುದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂದು ಬರುತ್ತದೆ. ಆದರೆ ಬೆಸೆದ ಮೆಮೊರಿಯನ್ನೂ ಅದು ಕೆಲವೊಮ್ಮೆ ಸ್ಲಾಟ್ ಎಂದೇ ಎಣಿಸುವುದರಿಂದ ಅದೊಂದನ್ನೇ ನಂಬಿ ಕೊಳ್ಳಬಾರದು.

ಪರದೆ, ಬೀಗ, ಮುದ್ರೆ

ಪರದೆಯನ್ನೂ ಅಂಗಡಿಯಲ್ಲೇ ತೀರ್ಮಾನಿಸಿದೆವು. ಟಿ480 ಎರಡು ಬಗೆಯ ಸಾಮಾನ್ಯ ಪರದೆಗಳೊಂದಿಗೆ ಮಾರಾಟವಾಗಿದೆ: 1366×768 ಮತ್ತು 1920×1080. ಮೊದಲನೆಯದನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಬಣ್ಣಗಳು ಕೆಡುತ್ತವೆ. ಆಂಡ್ರಾಯ್ಡ್ ಸ್ಟುಡಿಯೋದ ಕಿಟಕಿಗಳನ್ನೆಲ್ಲ ತೆರೆದಿಟ್ಟರೆ ಕೋಡ್ ಬರೆಯಲು ಅಂಗೈಯಗಲ ಜಾಗ ಉಳಿಯುತ್ತದೆ. ಆಮೇಲೆ ಬದಲಿಸಲು ಆಗದೇ? ಆಗುತ್ತದೆ. ಇವೆರಡಕ್ಕೂ 30 ಪಿನ್‌ನ ಒಂದೇ ಬಗೆಯ ಕೇಬಲ್. ಆದರೆ ಒಳ್ಳೆಯ ಪರದೆಯ ಬೆಲೆ, ಕೂಲಿ, ಚೌಕಟ್ಟು ಬಿಚ್ಚುವಾಗ ಮುರಿಯುವ ಭಯ ಎಲ್ಲ ಸೇರಿದರೆ ಇದು ತೊಡಕಿನ ಕೆಲಸ. ಅದೇ ಅಂಗಡಿಯಲ್ಲಿ ಅದೇ ಬೆಲೆಗೆ ಎರಡೂ ಬಗೆಯ ಪರದೆಯ ಯಂತ್ರಗಳು ಬೆರೆತುಕೊಂಡಿದ್ದವು, ಯಾರೂ ಬೇರ್ಪಡಿಸಿ ಇಟ್ಟಿರಲಿಲ್ಲ. ಹುಡುಗಿಯೇ ಒಂದೊಂದನ್ನೂ ಆನ್ ಮಾಡಿ, ಡಿಸ್‌ಪ್ಲೇ ಸೆಟ್ಟಿಂಗ್ ನೋಡಿ 1920×1080 ಇದ್ದದ್ದನ್ನು ಹೊರತೆಗೆದಳು. ಒಂದು ರೂಪಾಯಿ ಹೆಚ್ಚು ಕೊಡದೆ ಆದ ಅಪ್‌ಗ್ರೇಡ್ ಅದು.

ಕಂಪನಿಗಳಿಂದ ಬಂದ ಯಂತ್ರದಲ್ಲಿ ಇನ್ನೊಂದು ಅಪಾಯವಿದೆ, ರ‍್ಯಾಮ್‌ಗಿಂತ ದೊಡ್ಡದು. ಆನ್ ಆಗುವಾಗ ಎಫ್1 ಒತ್ತಿ ಬಯಾಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಯಂತ್ರದ ಮೂಲ ಸೆಟ್ಟಿಂಗ್‌ಗೆ ಹೋಗಬೇಕು. ಅಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಆ ಯಂತ್ರವನ್ನು ಬಿಟ್ಟುಬಿಡಬೇಕು. ಥಿಂಕ್‌ಪ್ಯಾಡ್‌ಗಳಲ್ಲಿ ಆ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡ್ ಬದಲಿಸಬೇಕೆಂದು ಲೆನೊವೊದ ಕೈಪಿಡಿಯೇ ಹೇಳುತ್ತದೆ. ಬೋರ್ಡಿನ ಚಿಕ್ಕ ಬ್ಯಾಟರಿ ಕಿತ್ತರೆ ಹೋಗುತ್ತದೆ ಎಂಬುದು ಇಲ್ಲಿ ನಡೆಯದು. ಇನ್ನೊಂದು ಬೀಗ, ಕಂಪನಿಗಳು ತಮ್ಮ ಯಂತ್ರಗಳನ್ನು ನೋಂದಾಯಿಸಿ ಸಿದ್ಧಪಡಿಸಲು ಬಳಸುವ ವಿಂಡೋಸ್ ಆಟೋಪೈಲಟ್‌ನದು. ಕಂಪನಿ ತನ್ನ ಪಟ್ಟಿಯಿಂದ ಯಂತ್ರವನ್ನು ತೆಗೆದುಹಾಕದೆ ಮಾರಿದ್ದರೆ, ಈಗ ಸರಿಯಾಗಿಯೇ ನಡೆಯುವ ಲ್ಯಾಪ್‌ಟಾಪ್, ಮುಂದೊಂದು ದಿನ ವಿಂಡೋಸ್ ಹೊಸದಾಗಿ ಹಾಕಿ ಇಂಟರ್‌ನೆಟ್‌ಗೆ ಜೋಡಿಸಿದಾಗ ಆ ಕಂಪನಿಯ ಲಾಗಿನ್ ಕೇಳಿ ನಿಂತುಬಿಡುತ್ತದೆ. ಗುರುತು ಬೋರ್ಡಿಗೆ ಅಂಟಿರುವುದರಿಂದ ಡಿಸ್ಕ್ ಬದಲಿಸಿದರೂ ಬಿಡುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ರೀಸೆಟ್ ಮಾಡಿಸಿ, ನಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ, ಯಾವ ಕಂಪನಿಯ ಹೆಸರೂ ಬರುವುದಿಲ್ಲ ಎಂಬುದನ್ನು ನೋಡಿಕೊಂಡೆವು. ಸಮಯ ಹಿಡಿಯುತ್ತದೆ. ಆದರೂ ಕಾಯಬೇಕು.

ಅಂಗಡಿಯವರು ಒಂದು ತಿಂಗಳ ವಾರಂಟಿ ಕೊಡುತ್ತಾರೆ, ತಿರುಪಿನ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸುತ್ತಾರೆ. ಅದು ಹರಿದರೆ ವಾರಂಟಿ ಇಲ್ಲ. ಆದ್ದರಿಂದ ಒಳಗಿನ ಕೆಲಸವನ್ನು ಸ್ಟಿಕ್ಕರ್ ಅಂಟಿಸುವ ಮೊದಲೇ ಮಾಡಿಸಬೇಕು, ಇಲ್ಲವೇ ಆ ತಿಂಗಳು ಮುಗಿಯುವವರೆಗೆ ತಡೆಯಬೇಕು. ಡಿಸ್ಕನ್ನು ನಾವು ಅಲ್ಲೇ ಹಾಕಿಸಿದೆವು, ಉಳಿದದ್ದಕ್ಕೆ ಕಾದೆವು.

ಡಿಸ್ಕ್: ಹೆಚ್ಚು ವೇಗ ಯಾವಾಗ ಬೇಡ

ಯಂತ್ರದಲ್ಲಿ ಇದ್ದದ್ದು 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಕಚೇರಿ ಲ್ಯಾಪ್‌ಟಾಪ್‌ನಲ್ಲಿ ಇಂಥದ್ದು ಏಕೆ ಎಂದು ಆಶ್ಚರ್ಯವಾಗಬಹುದು. ಅನೇಕ ಕಂಪನಿಗಳು ಮಾಹಿತಿ ಸೋರದಿರಲೆಂದು ಎಸ್‌ಎಸ್‌ಡಿಯನ್ನು ತೆಗೆದಿಟ್ಟುಕೊಂಡೇ ಯಂತ್ರ ಮಾರುತ್ತವೆ. ಮಾರುವವರು ಕೈಗೆ ಸಿಕ್ಕ ಡಿಸ್ಕ್ ಕೂರಿಸುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದು ತಿಳಿಯುತ್ತದೆ. ಇದು ಯಂತ್ರಕ್ಕಿಂತ ಹೆಚ್ಚು ದುಡಿದಿತ್ತು.

ಬದಲಿಸಲು ಎರಡು ದಾರಿಗಳಿದ್ದವು. ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ, ಇದ್ದ ಕೇಬಲ್‌ಗೇ ಎರಡೂವರೆ ಇಂಚಿನ ಸಾಟಾ (ಹಾರ್ಡ್ ಡಿಸ್ಕ್ ಬಳಸುವ ಅದೇ ಸಂಪರ್ಕದ) ಎಸ್‌ಎಸ್‌ಡಿ. ದಪ್ಪ 7 ಮಿಲಿಮೀಟರ್ ಇರಬೇಕು, ಅಷ್ಟೇ ಷರತ್ತು. ಇಲ್ಲವೇ ಎನ್‌ವಿಎಂಇ ಬಗೆಯ ಎಂ.2 ಎಸ್‌ಎಸ್‌ಡಿ, ಅಂದರೆ ಹೊಸ ಬಗೆಯ ಸಂಪರ್ಕದ ಚಿಕ್ಕ ಕಾರ್ಡ್. ಕಾಗದದ ಮೇಲೆ ಎರಡನೆಯದು ಬಹಳ ವೇಗ. ಆದರೆ ಟಿ480ರಲ್ಲಿ ಅದನ್ನು ಕೂರಿಸಲು ಒಂದು ತಟ್ಟೆ, ಅದಕ್ಕೆಂದೇ ಇರುವ ಬೇರೆ ಕೇಬಲ್ ಬೇಕು. ಹಾರ್ಡ್ ಡಿಸ್ಕ್‌ನೊಂದಿಗೆ ಮಾರುವ ಯಂತ್ರದಲ್ಲಿ ಅವೆರಡೂ ಇರುವುದಿಲ್ಲ. ಹಾಕಿದರೂ ಈ ಮಾದರಿ ಆ ಜಾಗಕ್ಕೆ ಪಿಸಿಐಇ ಎಂಬ ಆ ಸಂಪರ್ಕದ ಎರಡೇ ಲೇನ್ (ಮಾಹಿತಿ ಹರಿಯುವ ದಾರಿ) ಕೊಡುತ್ತದೆ. ಡಬ್ಬಿಯ ಮೇಲೆ ಸೆಕೆಂಡಿಗೆ 3,500 ಎಂಬಿ ಎಂದಿದ್ದರೆ ಸಿಗುವುದು 2,000ಕ್ಕೂ ಕಡಿಮೆ. ಸಾಟಾದಲ್ಲಿ 550ರ ಆಸುಪಾಸು.

2,000 ಎಲ್ಲಿ, 550 ಎಲ್ಲಿ ಎಂದು ಅನ್ನಿಸುವುದು ಸಹಜ. ಆದರೆ ಅವಳ ಕೆಲಸದಲ್ಲಿ ದೊಡ್ಡ ಫೈಲ್‌ಗಳನ್ನು ಒಂದೇ ಸಮ ಓದಿ ಬರೆಯುವುದಿಲ್ಲ. ಸಾವಿರಾರು ಚಿಕ್ಕ ಫೈಲ್‌ಗಳನ್ನು ಅಲ್ಲಿ ಇಲ್ಲಿ ಹುಡುಕಿ ತೆರೆಯಬೇಕಾಗುತ್ತದೆ. ಹಾರ್ಡ್ ಡಿಸ್ಕ್ ಸೋಲುವುದು ಅಲ್ಲಿ, ಏಕೆಂದರೆ ಪ್ರತಿ ಫೈಲಿಗೂ ಅದರ ಮುಳ್ಳು ಜಾಗ ಬದಲಿಸಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ತಿರುಗುವ ಡಿಸ್ಕ್‌ನಿಂದ ಯಾವುದೇ ಎಸ್‌ಎಸ್‌ಡಿಗೆ ಹೋದಾಗ ಆಗುವ ಬದಲಾವಣೆಯನ್ನು ಮಗುವೂ ಗುರುತಿಸುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದದ್ದನ್ನು ದಿನನಿತ್ಯದ ಬಳಕೆಯಲ್ಲಿ ಗುರುತಿಸುವವರು ಕಡಿಮೆ. ಮೆಮೊರಿಯ ಜೊತೆ ಎಸ್‌ಎಸ್‌ಡಿ ಬೆಲೆಯೂ ಏರುತ್ತಿದ್ದ ಸಮಯದಲ್ಲಿ ತಟ್ಟೆ, ಕೇಬಲ್‌ಗೆ ಬೇರೆ ಹಣ ಹಾಕುವುದು ನನಗೆ ಸರಿಕಾಣಲಿಲ್ಲ. 480 ಜಿಬಿಯ ಸಾಟಾ ಎಸ್‌ಎಸ್‌ಡಿ ₹4,000ಕ್ಕೆ ಸಿಕ್ಕಿತು. ಹಳೆಯ ಹಾರ್ಡ್ ಡಿಸ್ಕನ್ನು ಅಂಗಡಿಗೇ ಬಿಟ್ಟು ₹500 ಕಡಿಮೆ ಮಾಡಿಸಿದೆವು.

ಡಿಸ್ಕ್ ಬದಲಿಸಿದರೆ ವಿಂಡೋಸ್ ಲೈಸೆನ್ಸ್ ಹೋಗುತ್ತದೆಯೇ ಎಂದು ಭಾವ ಚಿಂತೆಪಟ್ಟರು. ಹೋಗುವುದಿಲ್ಲ. ಇಂಥ ಯಂತ್ರಗಳಲ್ಲಿ ಕಾರ್ಖಾನೆಯಿಂದ ಬಂದ ಲೈಸೆನ್ಸ್ ಕೀ ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ (ಚಿಪ್‌ನೊಳಗೆ ಕೂತಿರುವ ತಂತ್ರಾಂಶದಲ್ಲಿಯೇ) ಇರುತ್ತದೆ. ಹೊಸ ಡಿಸ್ಕ್‌ನಲ್ಲಿ ಅದೇ ಬಗೆಯ (ಹೋಮ್ ಅಥವಾ ಪ್ರೊ) ವಿಂಡೋಸ್ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನಾಗಿ ಸಕ್ರಿಯವಾಗುತ್ತದೆ. ಇಲ್ಲಿಯೂ ಹಾಗೆಯೇ ಆಯಿತು.

ಬ್ಯಾಟರಿ ಮತ್ತು ಚಿಕ್ಕಪುಟ್ಟವು

ವಿಂಡೋಸ್‌ನಲ್ಲಿ ಬ್ಯಾಟರಿ ವರದಿ ತೆಗೆಯುವ ಆದೇಶವಿದೆ. ತಯಾರಾದಾಗಿನ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ಚಾರ್ಜ್ ಆದರೆ ಎಷ್ಟು ಹಿಡಿಯುತ್ತದೆ ಎಂದು ಅದು ಎದುರುಬದುರಾಗಿ ತೋರಿಸುತ್ತದೆ. ನಮ್ಮ ಯಂತ್ರದ ಒಳಬ್ಯಾಟರಿ 24 ವಾಟ್ ಅವರ್‌ನಲ್ಲಿ 17ರಷ್ಟನ್ನು ಉಳಿಸಿಕೊಂಡಿತ್ತು. ಹಿಂಬದಿಯದು ಹೆಸರಿಗೆ ಮಾತ್ರ ಇತ್ತು. ಬೇರೆ ಲ್ಯಾಪ್‌ಟಾಪ್ ಆಗಿದ್ದರೆ ಇದು ಬಿಡಬೇಕಾದ ಕಾರಣ. ಟಿ480ರಲ್ಲಿ ಇದು ಚೌಕಾಸಿಗೆ ಒದಗಿದ ಕಾರಣ. ಹಿಂಬ್ಯಾಟರಿ 24, 48, 72 ವಾಟ್ ಅವರ್ ಎಂಬ ಮೂರು ಅಳತೆಗಳಲ್ಲಿ ಬರುತ್ತದೆ. ಎರಡು ಚಿಲಕ ಸರಿಸಿದರೆ ಕೈಗೆ ಬರುತ್ತದೆ, ಒಳಬ್ಯಾಟರಿ ಇರುವುದರಿಂದ ಯಂತ್ರ ಆನ್ ಆಗಿರುವಾಗಲೇ ಬದಲಿಸಬಹುದು. 48 ಅಥವಾ 72ರದನ್ನು ಹಾಕಿದರೆ ಹಿಂಭಾಗ ಸ್ವಲ್ಪ ಎತ್ತರವಾಗುತ್ತದೆ. ನಾವು 48ರದನ್ನು ಮುಂದಿನ ತಿಂಗಳು ತರಿಸಿಕೊಂಡೆವು, ₹2,800. ಬ್ಯಾಟರಿಯಲ್ಲಿ ಅಗ್ಗದ ನಕಲಿಗಳಿಗೆ ಕೈಹಾಕಬಾರದು. ಉಬ್ಬಿಕೊಂಡ ಲಿಥಿಯಂ ಬ್ಯಾಟರಿಗಳನ್ನು ನಮ್ಮ ಪ್ರಯೋಗಾಲಯದಲ್ಲಿ ನೋಡಿದ್ದೇನೆ, ಅವು ಮಕ್ಕಳ ಕೈಗೆ ಹೋಗುವ ವಸ್ತುವಲ್ಲ.

ವಾರಂಟಿ ತಿಂಗಳು ಕಳೆದ ಮೇಲೆ ಮನೆಯಲ್ಲೇ ಬಿಚ್ಚಿ ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಒಣಗಿದ್ದ, ಶಾಖವನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದೆವು. ಟಿ480 ಬಿಚ್ಚುವವರು ಒಂದನ್ನು ಮರೆಯಬಾರದು: ಹಿಂಬ್ಯಾಟರಿ ಕಳಚಿದರೂ ಒಳಗಿನದು ವಿದ್ಯುತ್ ಕೊಡುತ್ತಲೇ ಇರುತ್ತದೆ. ಮೊದಲು ಬಯಾಸ್‌ಗೆ ಹೋಗಿ ಪವರ್ ವಿಭಾಗದಲ್ಲಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸಬೇಕು. ಮತ್ತೆ ಚಾರ್ಜರ್ ಜೋಡಿಸಿದಾಗ ಅದು ತಾನಾಗಿ ಎಚ್ಚರಗೊಳ್ಳುತ್ತದೆ. ಪೇಸ್ಟ್ ಬದಲಿಸಿದ ಮೇಲೆ ಎಮ್ಯುಲೇಟರ್ ಓಡುವಾಗ ಫ್ಯಾನಿನ ಸದ್ದು ಸ್ಪಷ್ಟವಾಗಿ ಕಡಿಮೆಯಾಯಿತು. ಖರ್ಚು ಕೆಲವು ನೂರು ರೂಪಾಯಿ. ಹಳೆಯ ಯಂತ್ರಕ್ಕೆ ಮಾಡುವ ಖರ್ಚುಗಳಲ್ಲೆಲ್ಲ ಇದಕ್ಕಿಂತ ಸಾರ್ಥಕವಾದದ್ದನ್ನು ನಾನು ಕಂಡಿಲ್ಲ.

ಲೆನೊವೊ ಪ್ರಕಟಿಸಿರುವ, ಟೈಪ್-ಸಿ ಪೋರ್ಟನ್ನು ನಿಯಂತ್ರಿಸುವ ಥಂಡರ್‌ಬೋಲ್ಟ್ ಫರ್ಮ್‌ವೇರ್ ಅಪ್‌ಡೇಟನ್ನೂ ಹಾಕಿದೆವು. 2017ರಿಂದ 2019ರವರೆಗಿನ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಹಳೆಯ ಫರ್ಮ್‌ವೇರ್‌ನಿಂದ ಟೈಪ್-ಸಿ ಪೋರ್ಟ್ ಕೈಕೊಡುವ ಸಾಧ್ಯತೆ ಇತ್ತು. ಟಿ480 ಚಾರ್ಜ್ ಆಗುವುದೇ ಆ ಬಗೆಯ ಪೋರ್ಟಿನಿಂದ. ಅದಕ್ಕಾಗಿ ಟಿ480 ಕೊಂಡವರು ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದೂ ಒಂದು.

ವೈಫೈ ಕಾರ್ಡ್ ಬದಲಿಸಬಹುದು, ನಾವು ಬದಲಿಸಲಿಲ್ಲ. ಬೇಕೆನ್ನುವವರು ಇಂಟೆಲ್‌ನ ಎಎಕ್ಸ್210 ನೋಡಬಹುದು. ಹೆಸರು ಹತ್ತಿರವಿರುವ ಎಎಕ್ಸ್201 ಮಾತ್ರ ಬೇಡ. ಅದಕ್ಕೆ ಬೇಕಾದ ವ್ಯವಸ್ಥೆ ಈ ಪೀಳಿಗೆಯ ಬೋರ್ಡಿನಲ್ಲಿ ಇಲ್ಲದ್ದರಿಂದ ಜಾಗದಲ್ಲಿ ಸರಿಯಾಗಿ ಕೂತರೂ ಕೆಲಸ ಮಾಡದು.

ಕೊನೆಗೆ ನಿಂತ ಲೆಕ್ಕ

ಬ್ಯಾಟರಿಯ ನೆಪದಲ್ಲಿ ₹500 ಇಳಿಸಿ ಯಂತ್ರ ₹18,000ಕ್ಕೆ ಬಂತು. ಹಾರ್ಡ್ ಡಿಸ್ಕ್ ಬಿಟ್ಟುಕೊಟ್ಟದ್ದು ಕಳೆದು ಎಸ್‌ಎಸ್‌ಡಿಗೆ ₹3,500. ಬ್ಯಾಟರಿಗೆ ₹2,800. ಪೇಸ್ಟ್ ಮುಂತಾದವು ಸೇರಿಸಿದರೂ ಭಾವ ಕೊಟ್ಟ ₹25,000ದೊಳಗೆ ಮುಗಿಯಿತು. 8 ಜಿಬಿಯ ಅಗ್ಗದ ಯಂತ್ರ ಕೊಂಡು ಹೊಸ ಸ್ಟಿಕ್, ಹೊಸ ಪರದೆ ಎಂದು ಹೊರಟಿದ್ದರೆ ಅದೇ ಯಂತ್ರ ₹25,000 ದಾಟುತ್ತಿತ್ತು. ಟಿ470 ಕೊಂಡಿದ್ದರೆ ಎಷ್ಟು ಹಣ ಸುರಿದರೂ ಈ ಮಟ್ಟಕ್ಕೆ ತರಲು ಆಗುತ್ತಿರಲಿಲ್ಲ.

ಈಗ ಅವಳ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ಬ್ರೌಸರ್ ಮೂರೂ ತೆರೆದಿರುವಾಗ 16 ಜಿಬಿಯಲ್ಲಿ 11, 12ರಷ್ಟು ಬಳಕೆಯಾಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಇದು ಸಾಲದೆ ಹೋದರೆ 8ರ ಒಂದು ಸ್ಟಿಕ್ ತೆಗೆದು 16ರದು ಹಾಕಿ 24 ಮಾಡಬಹುದು. ಲೆನೊವೊ ಈ ಮಾದರಿಗೆ ಹೇಳಿರುವ ಮಿತಿ 32. ಡಿಡಿಆರ್4ರ ಬೆಲೆ ಇಳಿಯುವವರೆಗೆ ಅದರ ಗೋಜಿಗೆ ಹೋಗುವುದು ಬೇಡವೆಂದು ಅವಳಿಗೆ ಹೇಳಿದ್ದೇನೆ.